ಮೂತ್ರಕೋಶದ ಕ್ಯಾನ್ಸರ್ ಅಂಕಿಗಳನ್ನು ಓದುವುದು ಹೇಗೆ: ತೋಟದ ರೈಟರ್ ಒಬ್ಬನ ಲೆಕ್ಕ

ನಾನು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಮೂವತ್ತೊಂದು ವರ್ಷದಿಂದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ) ಬರೆಯುತ್ತಿದ್ದೇನೆ, ಬೆಳಿಗ್ಗೆ ಎಂಟಕ್ಕೆ ಮಳೆ ಅಳೆದು ಇಂಚು–ಸೆಂಟಿನಲ್ಲಿ ರಿಜಿಸ್ಟರಿಗೆ ಏರಿಸುತ್ತಿದ್ದೇನೆ. ಡಾಕ್ಟರಲ್ಲ, ಓದಿದ್ದು ಪಿಯುಸಿ. ಆದರೂ ನಮ್ಮಣ್ಣನಿಗೆ ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾದಾಗಿನಿಂದ ನೆಂಟರಲ್ಲಿ ಯಾರಿಗೆ ಎಂಥ ಗಡ್ಡೆ ಬಂದರೂ ರಿಪೋರ್ಟ್ ಹಿಡಿದು ನನ್ನ ಹತ್ತಿರ ಬರುತ್ತಾರೆ. "ಎಷ್ಟು ವರ್ಷ ಅಂತ ಹಾಕವ್ರೆ, ನೋಡಿ ಹೇಳು ಮಾರಾಯ" ಅನ್ನುತ್ತಾರೆ. ಎಷ್ಟು ವರ್ಷ ಅಂತ ಯಾವ ರಿಪೋರ್ಟಿನಲ್ಲೂ ಹಾಕಿರುವುದಿಲ್ಲ. ಆದರೆ ಮೊಬೈಲಿನಲ್ಲಿ ಸಿಗುವ ಅಂಕಿಗಳನ್ನು ಹೇಗೆ ಓದಬೇಕು, ಎಲ್ಲಿ ಮೋಸ ಹೋಗುತ್ತೇವೆ ಅನ್ನುವುದನ್ನು ಮೋಸ ಹೋಗಿಯೇ ಕಲಿತಿದ್ದೇನೆ. ಅದನ್ನಿಲ್ಲಿ ಬರೆದಿಡುತ್ತೇನೆ.

ಅಂಕಿಗೆ ಹೋಗುವ ಮುಂಚೆ ರಕ್ತದ ಮಾತು

ಅಣ್ಣ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವನು. ಹದಿನೇಳನೇ ವಯಸ್ಸಿಗೆ ಬೀಡಿ ಹಚ್ಚಿ ಅರವತ್ತಕ್ಕೆ ಬಿಟ್ಟ. ಅರವತ್ತೇಳರಲ್ಲಿ ಒಂದು ದಿನ ಮೂತ್ರ ಬೀಟ್ರೂಟ್ ಬೇಯಿಸಿದ ನೀರಿನ ಬಣ್ಣಕ್ಕೆ ಬಂತು. ನೋವಿಲ್ಲ, ಉರಿಯಿಲ್ಲ. "ಉಷ್ಣ ಆಗೈತೆ" ಅಂತ ಎರಡು ಎಳನೀರು ಕುಡಿದ, ಮಾರನೇ ದಿನ ತಿಳಿಯಾಯಿತು. ಎಳನೀರಿಗೆ ಆ ಗುಣ ಇದ್ದದ್ದಲ್ಲ. ಈ ಕಾಯಿಲೆಯಲ್ಲಿ ರಕ್ತ ಬರುತ್ತದೆ, ತಾನಾಗಿಯೇ ನಿಲ್ಲುತ್ತದೆ, ವಾರವೋ ತಿಂಗಳೋ ಬಿಟ್ಟು ಮತ್ತೆ ಬರುತ್ತದೆ. ಎರಡನೇ ಸಲ ಬಂದಾಗ ತೋರಿಸಿದ ಡಾಕ್ಟರು ಮೂತ್ರದ ಸೋಂಕು ಅಂತ ಮಾತ್ರೆ ಕೊಟ್ಟರು. ಮೂರು ಸಲ ಅದೇ ಆಯಿತು. ಒಂದು ಸಲವೂ ಕಲ್ಚರ್ (ಮೂತ್ರದಲ್ಲಿ ರೋಗಾಣು ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಲಿಲ್ಲ, ಸ್ಕ್ಯಾನಿಗೆ ಬರೆಯಲಿಲ್ಲ. ಐದು ತಿಂಗಳು ಹೋಯಿತು. ನಾವೂ ಕೇಳಲಿಲ್ಲ ಬಿಡಿ.

ಆದ್ದರಿಂದ ನಲವತ್ತು ದಾಟಿದವರಿಗೆ, ಅದರಲ್ಲೂ ಬೀಡಿ–ಸಿಗರೇಟು ಸೇದಿದವರಿಗೆ, ನೋವಿಲ್ಲದೆ ಮೂತ್ರದಲ್ಲಿ ರಕ್ತ ಒಂದೇ ಒಂದು ಸಲ ಕಂಡರೂ ಯೂರಾಲಜಿಸ್ಟ್, ಅಂದರೆ ಮೂತ್ರಾಂಗದ ಡಾಕ್ಟರ ಹತ್ತಿರ ಹೋಗಿ. ಮೂತ್ರ ಪರೀಕ್ಷೆ, ಕಲ್ಚರ್, ಹೊಟ್ಟೆ ಸ್ಕ್ಯಾನ್ ಕೇಳಿ. ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು, ಒಂದು ಲೀಟರ್ ನೀರು ಕುಡಿದು ತಡೆದುಕೊಂಡು ಕೂರಿ. ಸ್ಕ್ಯಾನಲ್ಲಿ ಏನೂ ಕಾಣದಿದ್ದರೂ ಮುಗಿಯಲಿಲ್ಲ. ಚಿಕ್ಕ ಗಡ್ಡೆ ಅದಕ್ಕೆ ಸಿಗುವುದಿಲ್ಲ, ಸಣ್ಣ ಕ್ಯಾಮೆರಾ ಒಳಗೆ ಹಾಕಿ ನೋಡುವ ಸಿಸ್ಟೋಸ್ಕೋಪಿ ಬೇಕು. ಹೆಂಗಸರಿಗಂತೂ ಇನ್ನೂ ಕಷ್ಟ. ಸೋಂಕು ಅಂತಲೇ ತಿಂಗಳುಗಟ್ಟಲೆ ತಳ್ಳುತ್ತಾರೆ. ಈ ಕಾಯಿಲೆ ಗಂಡಸರಿಗೆ ಮೂರು–ನಾಲ್ಕು ಪಟ್ಟು ಹೆಚ್ಚು, ಆದರೆ ಬಂದವರಲ್ಲಿ ಬದುಕುಳಿಯುವ ಪ್ರಮಾಣ ಹೆಂಗಸರಿಗೇ ಕಡಿಮೆ. ತಡವಾಗಿ ಸಿಗುವುದು ಅದಕ್ಕೊಂದು ಕಾರಣ.

ಎಂಟು ಅನ್ನುವ ಅಂಕಿ

ಕೆರೆದು ತೆಗೆದ ಗಡ್ಡೆಯ ಬಯಾಪ್ಸಿ ರಿಪೋರ್ಟ್ ವಾಟ್ಸಾಪಿನಲ್ಲಿ ಬಂದ ರಾತ್ರಿ ನಾನೇ ಹುಡುಕಲು ಕೂತೆ. ಅಮೆರಿಕದ ಒಂದು ಪಟ್ಟಿ ಸಿಕ್ಕಿತು. ಕಣ್ಣು ಬಿದ್ದದ್ದು ಕೊನೆಯ ಸಾಲಿಗೆ, ಐದು ವರ್ಷ ಬದುಕುವವರು ನೂರಕ್ಕೆ 8. ಮೊಬೈಲ್ ಬೋರಲು ಹಾಕಿಬಿಟ್ಟೆ. ಅಷ್ಟರಲ್ಲಿ ಅತ್ತಿಗೆ ಫೋನ್ ಮಾಡಿ, "ಏನಂತಪ್ಪ, ನೀನೇ ಓದಿ ಹೇಳು" ಅಂದರು. "ಬೆಳಿಗ್ಗೆ ಹೇಳ್ತೀನಿ ಅತ್ತಿಗೆ, ಇಲ್ಲಿ ನೆಟ್‌ವರ್ಕ್ ಸಿಗ್ತಿಲ್ಲ" ಅಂದೆ. ರಾತ್ರಿಯೆಲ್ಲ ಆ ಎಂಟು ಎದೆ ಮೇಲೆ ಕೂತಿತ್ತು.

ನನ್ನ ಮಗಳು ಹಾಸನದಲ್ಲಿ ನರ್ಸಿಂಗ್ ಓದುತ್ತಾಳೆ. ಬೆಳಿಗ್ಗೆ ಅವಳಿಗೆ ಎರಡನ್ನೂ ಕಳಿಸಿದೆ. ಫೋನಲ್ಲೇ ಬೈದಳು. "ಅಪ್ಪಾ, ನೀವು ಬೇರೆ ತೋಟದ ಚೆಕ್‌ರೋಲ್ ಓದಿದೀರ. ಆ ಸಾಲು ಶ್ವಾಸಕೋಶಕ್ಕೋ ಮೂಳೆಗೋ ಹರಡಿದವರದು. ದೊಡ್ಡಪ್ಪಂದು ಟಿ–1. ಅಂದ್ರೆ ಒಳಪೊರೆ ದಾಟಿದೆ, ಗೋಡೆಯ ಮಾಂಸಕ್ಕೇ ಇಳಿದಿಲ್ಲ."

ಆ ಪಟ್ಟಿ ಹೀಗಿತ್ತು. ಮೂತ್ರಕೋಶದ ಒಳಪೊರೆಯಲ್ಲಷ್ಟೇ ಇದ್ದರೆ ಐದು ವರ್ಷದ ಅಂಕಿ ಸುಮಾರು 97. ಒಳಪೊರೆ ದಾಟಿಯೂ ಮೂತ್ರಕೋಶದ ಒಳಗೇ ಇದ್ದರೆ 71ರ ಆಸುಪಾಸು. ಪಕ್ಕದ ಅಂಗಕ್ಕೋ ಹತ್ತಿರದ ದುಗ್ಧಗ್ರಂಥಿಗೋ ಹೋಗಿದ್ದರೆ 39ರಷ್ಟು. ದೂರಕ್ಕೆ ಹರಡಿದ್ದರೆ 8ರಷ್ಟು. ಎಲ್ಲ ಸೇರಿಸಿ ಸರಾಸರಿ 77–78. ಒಂದೇ ಕಾಯಿಲೆಯ ಹೆಸರಿನಡಿ 97ಕ್ಕೂ 8ಕ್ಕೂ ಜಾಗವಿದೆ ಅಂದಮೇಲೆ ಸರಾಸರಿ ಹಿಡಿದುಕೊಂಡು ಏನು ಮಾಡುತ್ತೀರಿ? ನಮ್ಮ ತೋಟದಲ್ಲಿ ಮಳೆ ತಿಂಗಳಿಗೆ ಸರಾಸರಿ ಇಷ್ಟಿಂಚು ಅಂದರೆ ಜುಲೈನಲ್ಲಿ ಕೊಡೆ ಬಿಟ್ಟು ಹೊರಡುತ್ತೀರಾ?

ಹಾಗಾಗಿ ಮೊದಲ ಕೆಲಸ, ನಿಮ್ಮ ಸಾಲು ಯಾವುದು ಅಂತ ಕಂಡುಕೊಳ್ಳುವುದು. ಬಯಾಪ್ಸಿ ರಿಪೋರ್ಟಿನಲ್ಲಿ ಎರಡು ಜಾಗಕ್ಕೆ ಬೆರಳಿಡಿ. ಒಂದು ಗ್ರೇಡ್, ಗಡ್ಡೆ ಎಷ್ಟು ಉಗ್ರ ಅನ್ನುವ ಅಳತೆ, ಲೋ ಅಥವಾ ಹೈ. ಇನ್ನೊಂದು 'ಮಸ್ಕ್ಯುಲಾರಿಸ್ ಪ್ರೋಪ್ರಿಯಾ' ಅಂತ ಇರುತ್ತದೆ, ಮೂತ್ರಕೋಶದ ಗೋಡೆಯ ಮಾಂಸಪದರ ಅಂತ ಅರ್ಥ. ಅದರ ಮುಂದೆ 'ನಾಟ್ ಇನ್ವಾಲ್ವ್ಡ್' ಅಂತಿದ್ದರೆ ಮಾಂಸದ ತುಣುಕು ಸಿಕ್ಕಿದೆ, ನೋಡಿದ್ದಾರೆ, ಅದರಲ್ಲಿ ಕ್ಯಾನ್ಸರ್ ಇಲ್ಲ. 'ನಾಟ್ ಪ್ರೆಸೆಂಟ್' ಅಂತಿದ್ದರೆ ಮಾಂಸವೇ ಸಿಕ್ಕಿಲ್ಲ, ಇಳಿದಿದೆಯೋ ಇಲ್ಲವೋ ಹೇಳಲಾಗದು. ಓದುವವರಿಗೆ ಎರಡೂ 'ಇಲ್ಲ' ಅಂದ ಹಾಗೇ ಕೇಳುತ್ತದೆ, ಭೂಮಿ–ಆಕಾಶದ ವ್ಯತ್ಯಾಸವಿದೆ. ಎರಡನೆಯದಾದರೆ ಎರಡರಿಂದ ಆರು ವಾರದೊಳಗೆ ಮತ್ತೊಮ್ಮೆ ಕೆರೆದು ತೆಗೆದು ನೋಡುವುದು ರೂಢಿ. ಟಿ–1 ಹೈ ಗ್ರೇಡ್ ಆದರೆ ಮಾಂಸ ಸಿಕ್ಕಿದ್ದರೂ ಮತ್ತೊಮ್ಮೆ ಮಾಡುತ್ತಾರೆ. ಅಣ್ಣನಿಗೂ ಮಾಡಿದರು. "ಒಂದ್ಸಲ ಕಳೆ ತೆಗ್ದಿದ್ದು ಸಾಲ್ದಾ" ಅಂತ ಗೊಣಗಿದ.

ಪಟ್ಟಿಯ ಮೇಲೆ ಒಂದು ಸಣ್ಣ ಪದವೂ ಇತ್ತು, 'ರಿಲೇಟಿವ್'. ಅಂದರೆ ಅದೇ ವಯಸ್ಸಿನ, ಈ ಕಾಯಿಲೆ ಇಲ್ಲದ ಜನರಿಗೆ ಹೋಲಿಸಿ ತೆಗೆದ ಅಂಕಿ. ಎಪ್ಪತ್ತರ ಹತ್ತಿರದ ಮನುಷ್ಯನಿಗೆ ಹೃದಯ, ಸಕ್ಕರೆ ಕಾಯಿಲೆ ಎಲ್ಲ ಹೇಗೂ ಇರುತ್ತವಲ್ಲ, ಅದರಿಂದ ಹೋಗುವವರನ್ನು ಈ ಲೆಕ್ಕದಿಂದ ಬೇರೆ ಮಾಡಿರುತ್ತಾರೆ. 71 ಅಂದರೆ ನೂರರಲ್ಲಿ 71 ಜನ ಖಂಡಿತ ಇರುತ್ತಾರೆ ಅಂತಲ್ಲ.

ಒಳಹರಿವು, ತೂಬು, ಕೆರೆಯ ಮಟ್ಟ

ಈ ಕಾಯಿಲೆ ಹೆಚ್ಚುತ್ತಿದೆಯಾ ಕಡಿಮೆಯಾಗುತ್ತಿದೆಯಾ ಅಂತ ಕೇಳಿದರೆ ಮೂರು ಬೇರೆ ಬೇರೆ ಅಂಕಿ ನೋಡಬೇಕು. ವರ್ಷದಲ್ಲಿ ಹೊಸದಾಗಿ ಎಷ್ಟು ಜನಕ್ಕೆ ಬಂತು, ಅದು ಕೆರೆಗೆ ಬರುವ ನೀರು. ಎಷ್ಟು ಜನ ಸತ್ತರು, ಅದು ತೂಬಿನಲ್ಲಿ ಹೋಗುವ ನೀರು. ಬಂದವರಲ್ಲಿ ಇಂತಿಷ್ಟು ವರ್ಷದ ಮೇಲೂ ಎಷ್ಟು ಜನ ಇದ್ದಾರೆ, ಅದು ಬದುಕುಳಿಯುವ ಪ್ರಮಾಣ. ಕೆರೆಯಲ್ಲಿ ನಿಂತಿರುವ ನೀರು, ಅಂದರೆ ಕಾಯಿಲೆ ಬಂದು ಈಗ ಬದುಕಿರುವವರು, ನಾಲ್ಕನೆಯದು. ಮೂತ್ರಕೋಶದ ಕ್ಯಾನ್ಸರಿನಲ್ಲಿ ಆ ಮಟ್ಟ ದೊಡ್ಡದು. ಮುಕ್ಕಾಲು ಪಾಲು ಜನಕ್ಕೆ ಮಾಂಸಕ್ಕಿಳಿಯುವ ಮುಂಚೆಯೇ ಸಿಗುತ್ತದೆ, ಅವರು ಬಹಳ ವರ್ಷ ಬಾಳುತ್ತಾರೆ, ಮತ್ತೆ ಮತ್ತೆ ಬರುವುದರಿಂದ ಆಸ್ಪತ್ರೆಯ ದಾರಿ ಮಾತ್ರ ತಪ್ಪುವುದಿಲ್ಲ.

ಜಗತ್ತಿನಲ್ಲಿ 2022ರಲ್ಲಿ ಹೊಸದಾಗಿ ಬಂದವರು ಸುಮಾರು 6,14,000, ಸತ್ತವರು ಸುಮಾರು 2,20,000 ಅಂತ ಅಂದಾಜು. ನಮ್ಮ ಭಾವ ಇದನ್ನು ನೋಡಿ, "ಹಂಗಾರೆ ಮೂರಕ್ಕೆ ಒಬ್ರು" ಅಂದುಬಿಟ್ಟರು. ತಪ್ಪು. ಈ ವರ್ಷ ತೂಬಿನಲ್ಲಿ ಹೋದದ್ದು ಈ ವರ್ಷದ ಮಳೆ ನೀರೇ ಅಂತ ಯಾರು ಹೇಳಿದರು? ಈಗ ಸತ್ತವರಲ್ಲಿ ಎಷ್ಟೋ ಜನಕ್ಕೆ ಕಾಯಿಲೆ ಹಿಂದಿನ ವರ್ಷಗಳಲ್ಲಿ ಬಂದಿತ್ತು. ಅದನ್ನು ಇದಕ್ಕೆ ಭಾಗಿಸಿದರೆ ಬರುವುದು ಒಂದು ಒರಟು ಅಳತೆ ಅಷ್ಟೇ, ಯಾರ ಜಾತಕವೂ ಅಲ್ಲ.

ಇನ್ನೊಂದು ಜಾಗ ವಯಸ್ಸು. ನಮ್ಮ ಹೋಬಳಿಯಲ್ಲಿ ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ, ಮನೆಗಳಲ್ಲಿರುವುದು ಮುದುಕರು. ಸಾವಿರ ಜನಕ್ಕೆ ಎಷ್ಟು ಕ್ಯಾನ್ಸರ್ ಅಂತ ಎಣಿಸಿದರೆ ನಮ್ಮೂರು ಬೆಂಗಳೂರಿಗಿಂತ ಕೆಟ್ಟದಾಗಿ ಕಾಣುತ್ತದೆ. ನೀರು, ಗೊಬ್ಬರ, ಔಷಧಿ ಅಂತ ಗುಲ್ಲೆಬ್ಬಿಸುವವರೂ ಇರುತ್ತಾರೆ. ಎರಡು ಊರು, ಎರಡು ದೇಶ, ಎರಡು ದಶಕ ಹೋಲಿಸುವಾಗ 'ವಯಸ್ಸು ಸರಿದೂಗಿಸಿದ ದರ' ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಮುಂದೆ ಓದಬೇಡಿ. ಹಾಗೆ ಸರಿದೂಗಿಸಿದ ಮೇಲೂ ದಕ್ಷಿಣ ಯುರೋಪಿನ ಗಂಡಸರ ದರಕ್ಕೆ ಹೋಲಿಸಿದರೆ ನಮ್ಮ ದೇಶದ್ದು ಹತ್ತರಲ್ಲಿ ಒಂದು ಪಾಲಿನ ಆಸುಪಾಸು.

ಮಳೆಮಾಪಕ ಜಾಗ ಬದಲಿಸಿದರೆ

ನನಗೆ ಎಲ್ಲಕ್ಕಿಂತ ರುಚಿ ಹತ್ತಿದ ಭಾಗ ಇದು, ಸ್ವಲ್ಪ ಉದ್ದ ಬರೆದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮ ತೋಟದ ರೈನ್‌ಗೇಜ್ ಮೊದಲು ಬಂಗಲೆ ಹಿಂದೆ ಸಿಲ್ವರ್ ಮರದ ನೆರಳಿನಲ್ಲಿತ್ತು. ಸಾಹುಕಾರ್ರ ಮಗ ಓದಿ ಬಂದವರು ಅದನ್ನು ಕಿತ್ತು ಕಣದ ಬಯಲಿನಲ್ಲಿ ನೆಡಿಸಿದರು. ಆ ವರ್ಷ ರಿಜಿಸ್ಟರಿನಲ್ಲಿ ಮಳೆ ಜಾಸ್ತಿಯಾಯಿತು. ಆಕಾಶ ಅದೇ. ಮುಂದೆ ಯಾರಾದರೂ ಆ ರಿಜಿಸ್ಟರ್ ತೆರೆದು 'ಇಂಥ ವರ್ಷದಿಂದ ಮಳೆ ಏರಿದೆ' ಅಂತ ಹೇಳಿದರೆ ಏನು ಗತಿ ಅಂತ ಆ ಪುಟದ ಅಂಚಿಗೆ ಕೆಂಪು ಶಾಯಿಯಲ್ಲಿ 'ಗೇಜ್ ಜಾಗ ಬದಲು' ಅಂತ ಬರೆದಿಟ್ಟಿದ್ದೇನೆ.

ಇಂಗ್ಲೆಂಡಿನ ಮೂತ್ರಕೋಶದ ಕ್ಯಾನ್ಸರ್ ಅಂಕಿಗಳಲ್ಲಿ ಇದೇ ಆಗಿದೆ. ಒಳಪೊರೆಯಲ್ಲೇ ಇರುವ, ಕೆಳಕ್ಕಿಳಿಯದ ಅಣಬೆಯಂಥ ಗಡ್ಡೆಗಳನ್ನು ಮುಂಚೆ ಕ್ಯಾನ್ಸರ್ ಅಂತಲೇ ಎಣಿಸುತ್ತಿದ್ದರು. 2000ದ ಆಸುಪಾಸಿನಲ್ಲಿ ಅವನ್ನು ಬೇರೆ ಪಟ್ಟಿಗೆ ಹಾಕಿದರು. ಆಗ ಹೊಸ ರೋಗಿಗಳ ಸಂಖ್ಯೆ ಇಳಿದಂತೆ ಕಂಡಿತು, ಸರಿ. ಅದರ ಜೊತೆಗೆ ಬದುಕುಳಿಯುವ ಪ್ರಮಾಣವೂ ಇಳಿಯಿತು! ಚಿಕಿತ್ಸೆ ಕೆಟ್ಟದ್ದರಿಂದಲ್ಲ. ಗಟ್ಟಿಯಾಗಿ ಬದುಕುವವರನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿದವರು ಹೆಚ್ಚು ಕಾಯಿಲೆಯವರು, ಅಷ್ಟೇ. ಅಮೆರಿಕದವರು ಇವತ್ತಿಗೂ ಒಳಪೊರೆಯ ಗಡ್ಡೆಗಳನ್ನು ಸೇರಿಸಿಯೇ ಎಣಿಸುತ್ತಾರೆ. ಅದಕ್ಕೇ ಅವರ ಸರಾಸರಿ 77 ದಾಟುತ್ತದೆ. ಎರಡು ದೇಶದ ಅಂಕಿಯನ್ನು ಅಕ್ಕಪಕ್ಕ ಇಟ್ಟು 'ಅಲ್ಲಿನ ಡಾಕ್ಟರು ಜಾಣರು' ಅನ್ನುವವರಿಗೆ ಇದನ್ನು ಹೇಳಿ.

ಇನ್ನೊಂದು ಕಣ್ಕಟ್ಟು. ಇದು ನಾನೇ ಹೆಣೆದ ಲೆಕ್ಕ. ಇಬ್ಬರು ಗಂಡಸರು, ಇಬ್ಬರೂ ಎಪ್ಪತ್ತಕ್ಕೆ ಸಾಯುವವರು. ಒಬ್ಬನಿಗೆ ಕಾಯಿಲೆ ಗೊತ್ತಾದದ್ದು 67ಕ್ಕೆ, ಇನ್ನೊಬ್ಬನಿಗೆ 64ಕ್ಕೆ. ಐದು ವರ್ಷದ ಲೆಕ್ಕದಲ್ಲಿ ಮೊದಲನೆಯವನು 'ಉಳಿಯಲಿಲ್ಲ', ಎರಡನೆಯವನು 'ಉಳಿದ'. ಮಣ್ಣಿಗೆ ಹೋದದ್ದು ಇಬ್ಬರೂ ಒಂದೇ ವಯಸ್ಸಿಗೆ. ಬೇಗ ಕಂಡುಹಿಡಿದರೆ ಬದುಕುಳಿಯುವ ಅಂಕಿ ತಂತಾನೇ ಏರುತ್ತದೆ. ಅದು ನಿಜವಾದ ಏರಿಕೆಯೋ ಅಂತ ತಿಳಿಯಬೇಕಾದರೆ ಸಾವಿನ ದರವೂ ಇಳಿದಿದೆಯಾ ನೋಡಬೇಕು. (ಬೇಗ ಕಂಡುಹಿಡಿದು ಪ್ರಯೋಜನವಿಲ್ಲ ಅಂತ ಇದರ ಅರ್ಥವಲ್ಲ. ಮಾಂಸಕ್ಕಿಳಿಯುವ ಮುಂಚೆ ಸಿಕ್ಕರೆ ಸಾಮಾನ್ಯವಾಗಿ ಮೂತ್ರಕೋಶವೇ ಉಳಿಯುತ್ತದೆ.)

ಈಗ ಅಮೆರಿಕದ ಐವತ್ತು ವರ್ಷದ ಸಾಲು ನೋಡಿ. 1975–77ರಲ್ಲಿ ಕಾಯಿಲೆ ಗೊತ್ತಾದವರ ಐದು ವರ್ಷದ ಅಂಕಿ 72. 1995–97ರವರದು 80. ಇತ್ತೀಚಿನವರದು 78. ಬೇರೆ ಎಷ್ಟೋ ಕ್ಯಾನ್ಸರುಗಳಲ್ಲಿ ಗೆರೆ ಮೇಲಕ್ಕೆ ಹೋಗಿದೆ, ಇಲ್ಲಿ ಇಪ್ಪತ್ತೈದು ವರ್ಷದಿಂದ ಕಾಲೂರಿ ನಿಂತಿದೆ. ಆರಂಭದ ಹಂತದವರು ಆಗಲೂ ಚೆನ್ನಾಗಿಯೇ ಬದುಕುತ್ತಿದ್ದರು. ಹರಡಿದವರಿಗೆ 1980ರ ದಶಕದಿಂದ ಬಹುಕಾಲ ಸಿಸ್‌ಪ್ಲಾಟಿನ್ ಅನ್ನುವ ಔಷಧಿ ಇರುವ ಕೀಮೋ ಬಿಟ್ಟರೆ ಹೇಳಿಕೊಳ್ಳುವಂಥದ್ದು ಬರಲಿಲ್ಲ. 2016ರಿಂದ ಇಮ್ಯುನೋಥೆರಪಿ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ, ಬಂತು. 2023ರಲ್ಲಿ ಎನ್‌ಫೋರ್ಟುಮ್ಯಾಬ್ ವೆಡೋಟಿನ್, ಪೆಂಬ್ರೊಲಿಜುಮ್ಯಾಬ್ ಅನ್ನುವ ಎರಡು ಔಷಧಿ ಸೇರಿಸಿ ಕೊಟ್ಟು ನೋಡಿದಾಗ, ಹರಡಿದವರಲ್ಲಿ ಅರ್ಧದಷ್ಟು ಜನ ಬದುಕಿದ್ದ ಅವಧಿ ಕೀಮೋದ 16.1 ತಿಂಗಳಿಂದ 31.5 ತಿಂಗಳಿಗೆ ಏರಿತು. ಇದು ದೊಡ್ಡ ಜಿಗಿತ. ಮೊದಲಿನ ಪಟ್ಟಿಯ ಆ 8ರಲ್ಲಿ ಈ ಜಿಗಿತ ಸೇರಿಲ್ಲ. ಐದು ವರ್ಷದ ಅಂಕಿ ಸಿಗಲು ಐದು ವರ್ಷ ಕಾಯಲೇಬೇಕಲ್ಲ, ನೀವು ಓದುವ ಬದುಕುಳಿಯುವ ಅಂಕಿ ಯಾವತ್ತೂ ಹಳೇ ಚಿಕಿತ್ಸೆಯದೇ. ಹಾಗಂತ ಆ ಔಷಧಿಗಳ ದರ ಕೇಳಿದರೆ ತೋಟದ ಯಜಮಾನರೂ ಒಂದು ಗಳಿಗೆ ಕೂತು ಯೋಚಿಸಬೇಕು, ನಮ್ಮಂಥವರ ಮಾತು ಬಿಡಿ.

ಹೂವಿಗೂ ಹಣ್ಣಿಗೂ ನಡುವಿನ ಕಾಲ

ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ಹಣ್ಣು ಕೊಯ್ಯುವುದು ಡಿಸೆಂಬರಿಗೆ. ಈ ಕಾಯಿಲೆಯ ಹೂವು–ಹಣ್ಣಿನ ನಡುವೆ ಇಪ್ಪತ್ತು, ಮೂವತ್ತು ವರ್ಷ.

ಚಿಲಿ ದೇಶದ ಆಂಟೊಫಗಸ್ತಾ ಊರಿಗೆ 1958ರಲ್ಲಿ ಹೊಸ ನದಿಯ ನೀರು ತಂದರು, ಅದರಲ್ಲಿ ವಿಪರೀತ ಆರ್ಸೆನಿಕ್ ಅನ್ನುವ ವಿಷ. 1970ರ ಹೊತ್ತಿಗೆ ಶುದ್ಧೀಕರಣ ಘಟಕ ಹಾಕಿದರು. ನೀರು ಸರಿಹೋಯಿತು. ಮೂತ್ರಕೋಶದ ಕ್ಯಾನ್ಸರ್ ಸಾವುಗಳು ಮಾತ್ರ ಆಮೇಲೂ ಇಪ್ಪತ್ತು ವರ್ಷ ಏರುತ್ತಲೇ ಹೋದವು. ಬಣ್ಣದ ಕಾರ್ಖಾನೆಗಳ ಕಥೆಯೂ ಹಳೆಯದು. ಫ್ರಾಂಕ್‌ಫರ್ಟಿನ ಸರ್ಜನ್ ಲುಡ್ವಿಗ್ ರೆನ್ 1895ರಲ್ಲೇ ಫುಕ್ಸಿನ್ ಬಣ್ಣ ಮಾಡುವ ಕೆಲಸಗಾರರಲ್ಲಿ ಈ ಗಡ್ಡೆಗಳನ್ನು ಗುರುತಿಸಿದ್ದರು. ಹಿಂದಿರುವ ಅಪರಾಧಿ ಆರೊಮ್ಯಾಟಿಕ್ ಅಮೀನು ಅನ್ನುವ ರಾಸಾಯನಿಕಗಳು, ತಂಬಾಕಿನ ಹೊಗೆಯಲ್ಲಿರುವುದೂ ಅವೇ. ಶ್ವಾಸಕೋಶಕ್ಕೆ ಹೋದ ಹೊಗೆ ರಕ್ತ ಸೇರಿ, ಮೂತ್ರಪಿಂಡ ಸೋಸಿ, ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಘಾಟಿಯಲ್ಲಿ ಲಾರಿ ಸಾಲುಗಟ್ಟಿದಾಗ ಅಣ್ಣ ಕಟ್ಟಿಕೊಂಡು ಕೂರುತ್ತಿದ್ದದ್ದು ನೆನಪಾಗುತ್ತದೆ.

ಒಂದು ದೇಶದ ದರ ಇವತ್ತು ಇಳಿಯುತ್ತಿದ್ದರೆ ಕಾರಣ ಹುಡುಕಬೇಕಾದದ್ದು ಇವತ್ತಿನಲ್ಲಲ್ಲ, ಅಪ್ಪಂದಿರ ಕಾಲದಲ್ಲಿ. ಅಮೆರಿಕದ ಗಂಡಸರು ಸಿಗರೇಟು ಕಡಿಮೆ ಮಾಡಲು ಶುರು ಮಾಡಿದ್ದು 1960ರ ದಶಕದಲ್ಲಿ, ಹೊಸ ರೋಗಿಗಳ ದರ ಇಳಿಯುತ್ತಿರುವುದು 2000ದ ಈಚೆಗೆ. ಅಣ್ಣ ಬೀಡಿ ಬಿಟ್ಟು ಏಳು ವರ್ಷಕ್ಕೆ ಕಾಯಿಲೆ ಬಂದದ್ದಕ್ಕೆ ನಮ್ಮೂರಲ್ಲಿ "ಬಿಟ್ಟಿದ್ದಕ್ಕೇ ಬಂತು" ಅನ್ನುತ್ತಾರೆ. ಏನು ಹೇಳೋಣ ಇವರಿಗೆ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಪಯೊಗ್ಲಿಟಜೋನ್ ಅನ್ನುವ ಮಾತ್ರೆಯನ್ನು ಇದೇ ಕ್ಯಾನ್ಸರಿನ ಅನುಮಾನದಿಂದ 2013ರ ಜೂನಿನಲ್ಲಿ ನಮ್ಮ ಸರ್ಕಾರ ನಿಲ್ಲಿಸಿತ್ತು, ಮುಂದಿನ ತಿಂಗಳೇ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟಿತು. ತಾವಾಗಿ ನಿಲ್ಲಿಸಬೇಡಿ. ಆದರೆ ಮೂತ್ರಕೋಶದ ಕಾಯಿಲೆ ಇದ್ದರೆ ಸಕ್ಕರೆ ಡಾಕ್ಟರಿಗೆ ಹೇಳಲೇಬೇಕು.

ನಮ್ಮ ಕಡೆಯ ಲೆಕ್ಕ

ದೇಶದ ಕ್ಯಾನ್ಸರ್ ನೋಂದಣಿ ಶುರುವಾದದ್ದು 1981–82ರಲ್ಲಿ. ಜನಸಂಖ್ಯೆ ಹಿಡಿದು ಎಣಿಸುವ ಮೊದಲ ಮೂರು ಊರುಗಳಲ್ಲಿ ಬೆಂಗಳೂರೂ ಒಂದು, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಆ ಲೆಕ್ಕಕ್ಕೆ ಊರಲ್ಲಿ ಕನಿಷ್ಠ ಒಂದು ವರ್ಷ ವಾಸ ಇದ್ದವರನ್ನಷ್ಟೇ ಸೇರಿಸುತ್ತಾರೆ. ಅಣ್ಣ ಚಿಕಿತ್ಸೆ ಪಡೆದದ್ದು ಬೆಂಗಳೂರಲ್ಲಿ, ವಾಸ ಸಕಲೇಶಪುರ. ಹಾಗಾಗಿ ಬೆಂಗಳೂರಿನ ದರದಲ್ಲಿ ಅವನಿಲ್ಲ. ಸಾವಿನ ಲೆಕ್ಕ ಇನ್ನೂ ಸಡಿಲ. ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದು ಕೊಟ್ಟದ್ದು 2020ರಲ್ಲಿ ನೂರಕ್ಕೆ 22.5 ಮಾತ್ರ. ಉಳಿದವರದು 'ವಯಸ್ಸಾಗಿತ್ತು'. ಭಾರತದ ಸಾವಿನ ಅಂಕಿ ಓದುವಾಗ ಅದು ಎಣಿಸಿದ್ದಲ್ಲ, ಅಂದಾಜು ಕಟ್ಟಿದ್ದು ಅಂತ ನೆನಪಿರಲಿ.

ನಿಮ್ಮದೇ ಒಂದು ರಿಜಿಸ್ಟರ್ ಮಾಡಿ

ಪರದೇಶದ ಸರಾಸರಿಗಿಂತ ಮನೆಯ ರಿಜಿಸ್ಟರ್ ಉಪಯೋಗಕ್ಕೆ ಬರುತ್ತದೆ. ಹಳೇ ಮಳೆ ರಿಜಿಸ್ಟರಿನ ಹಿಂದಿನ ಪುಟಗಳಿಗೆ ನಾನು ಅಡ್ಡಗೆರೆ ಎಳೆದುಕೊಂಡೆ. ತಾರೀಖು, ಏನು ಮಾಡಿದರು, ಎಷ್ಟು ಗಡ್ಡೆ, ಯಾವ ಅಳತೆ, ಗ್ರೇಡ್, ಮಾಂಸ, ಮುಂದಿನ ತಾರೀಖು. ಡಾಕ್ಟರನ್ನು "ಎಷ್ಟು ವರ್ಷ" ಅಂತ ಕೇಳಿದಾಗ ಅವರು ಮೇಲೆ ನೋಡಿದರು. "ಮತ್ತೆ ಬರೋ ಸಾಧ್ಯತೆ ಎಷ್ಟು, ಮಾಂಸಕ್ಕಿಳಿಯೋ ಸಾಧ್ಯತೆ ಎಷ್ಟು, ಬೇರೆ ಬೇರೆ ಹೇಳಿ ಸರ್" ಅಂದಾಗ ಕುರ್ಚಿ ಎಳೆದು ಕೂತು ಹತ್ತು ನಿಮಿಷ ಮಾತಾಡಿದರು. ಈ ಎರಡು ಪ್ರಶ್ನೆ ಬೇರೆ ಬೇರೆ ಅನ್ನುವುದೇ ಈ ಕಾಯಿಲೆಯ ಗುಟ್ಟು. ಲೋ ಗ್ರೇಡಿನದು ಪದೇ ಪದೇ ಬರುತ್ತದೆ, ಕೊಲ್ಲುವುದು ಅಪರೂಪ. ಹೈ ಗ್ರೇಡಿನದು ಇಳಿಯುತ್ತದೆ.

ಅಣ್ಣನಿಗೆ ಬಿಸಿಜಿ ಹಾಕಿದರು. ಮಕ್ಕಳ ತೋಳಿಗೆ ಚುಚ್ಚುವ ಅದೇ ಕ್ಷಯದ ಲಸಿಕೆ. ಮೂತ್ರಕೋಶದ ಕ್ಯಾನ್ಸರಿಗೆ ಅದನ್ನು ಒಳಗೇ ಬಿಡುವ ಪದ್ಧತಿಯನ್ನು 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ತೋರಿಸಿಕೊಟ್ಟರು. ವಾರಕ್ಕೊಂದರಂತೆ ಆರು ಸಲ, ನಳಿಕೆಯಲ್ಲಿ ಒಳಗೆ ಬಿಟ್ಟು ಎರಡು ಗಂಟೆ ತಡೆದುಕೊಳ್ಳಬೇಕು. "ನಂಗೆ ಮತ್ತೆ ತೊಟ್ಲು ಕಟ್ಟು ಕಣೋ" ಅಂತ ನಕ್ಕ. ಆಮೇಲಿನ ಆರು ಗಂಟೆ ಕೂತೇ ಮೂತ್ರ ಮಾಡಬೇಕು, ಪ್ರತಿ ಸಲ ಬ್ಲೀಚ್ ಸುರಿದು ಕಾಲು ಗಂಟೆ ಬಿಟ್ಟು ನೀರು ಹಾಕಬೇಕು. ಲಾಡ್ಜಿನಲ್ಲಿ ಉಳಿಯುವವರು ಬ್ಲೀಚ್ ಬಾಟಲಿ ಜೊತೆಗೇ ಒಯ್ಯಿರಿ. ನಾವು ಮೊದಲ ದಿನ ಮರೆತು ರಾತ್ರಿ ಒಂಬತ್ತಕ್ಕೆ ಅಂಗಡಿ ಹುಡುಕಿಕೊಂಡು ಅಲೆದಿದ್ದೇವೆ. ಎರಡು ದಿನ ಮೀರಿಯೂ ಜ್ವರ ಬಿಡದಿದ್ದರೆ, ಚಳಿ ಹತ್ತಿದರೆ ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ಸಿಸ್ಟೋಸ್ಕೋಪಿ. ಜನ ಸೋಲುವುದು ಇಲ್ಲಿ. ರಕ್ತ ನಿಂತಿದೆ, ಮೈ ಗಟ್ಟಿಯಾಗಿದೆ, ಕೊಯ್ಲಿನ ಕೆಲಸ ಇದೆ. ನಾನು ಅಣ್ಣನಿಗೆ ಬೋರರ್ ಲೆಕ್ಕ ಹೇಳಿದೆ. ಕಾಂಡಕೊರಕ ಬಿದ್ದ ತೋಟದಲ್ಲಿ ಒಂದು ವರ್ಷ ಗಿಡ ಕಿತ್ತು ಸುಟ್ಟ ಮಾತ್ರಕ್ಕೆ ಬಿಡುತ್ತೇವಾ? ಪ್ರತಿ ವರ್ಷ ಸಾಲು ಸಾಲು ನಡೆದು ಕಾಂಡ ತಡವಿ ನೋಡುತ್ತೇವೆ. ಹಾಸನದಿಂದ ಬೆಂಗಳೂರಿಗೆ ಶ್ರವಣಬೆಳಗೊಳದ ಮೇಲೆ 2017ರಿಂದ ರೈಲಿದೆ, ಬಸ್ಸಿನಲ್ಲಿ ಕಟ್ಟಿಕೊಂಡು ಕೂರುವ ಹಿಂಸೆ ಇಲ್ಲ, ಬೋಗಿಯಲ್ಲೇ ಶೌಚಾಲಯ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಯಾವುದಕ್ಕೆ ಮಂಜೂರಾತಿ ಬೇಕು ಅಂತ ಅಡ್ಮಿಟ್ ಆಗುವ ಮುಂಚೆಯೇ ಕೌಂಟರಿನಲ್ಲಿ ಕೇಳಿ.

ನಮ್ಮ ರಿಜಿಸ್ಟರಿನಲ್ಲಿ ಈಗ ಒಂಬತ್ತು ಸಾಲು ತುಂಬಿದೆ. ನಾಲ್ಕನೆಯದರಲ್ಲಿ 'ಒಂದು, ಕಾಳುಮೆಣಸಿನ ಗಾತ್ರ, ತೆಗೆದರು' ಅಂತಿದೆ. ಅದರ ಕೆಳಗಿನ ಐದರಲ್ಲಿ 'ಏನಿಲ್ಲ'. ಮುಂದಿನ ತಾರೀಖನ್ನು ಅಣ್ಣನೇ ಪೆನ್ಸಿಲಿನಲ್ಲಿ ಬರೆದಿದ್ದಾನೆ, ಫೆಬ್ರವರಿಯ ಎರಡನೇ ವಾರ, ಹೂಮಳೆಗೆ ಮುಂಚೆ.